ರಜೆಯಲ್ಲಿ ಕ್ವಾಂಟಮ್ ಕೋರ್ಸ್ ಬೇಕೆಂದವಳು

ಏಪ್ರಿಲ್ ಬಂದರೆ ಮಂಗಳೂರಿನ ನನ್ನ ಕೋಣೆಗೆ ಈ ಪ್ರಶ್ನೆ ಹಿಡಿದುಕೊಂಡು ಯಾರಾದರೂ ಬಂದೇ ಬರುತ್ತಾರೆ: ರಜೆಯಲ್ಲಿ ಮೇಲಿನ ಮಟ್ಟದ ಫಿಸಿಕ್ಸ್ ಕೋರ್ಸ್ ಎಲ್ಲಿ ಸಿಗುತ್ತದೆ? ಈ ಹುಡುಗಿ ಬಿಎಸ್ಸಿ ಎರಡನೇ ವರ್ಷ, ಉಡುಪಿ ಕಡೆಯವಳು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಸಾವಿರಾರು ರೂಪಾಯಿ ಫೀಸಿನ ಆನ್‌ಲೈನ್ ಕ್ವಾಂಟಮ್ ಫಿಸಿಕ್ಸ್ ಕೋರ್ಸೊಂದಕ್ಕೆ ಸೇರಲು ಹೊರಟಿದ್ದಳು.

ಗೊತ್ತಿದ್ದದ್ದನ್ನು ಹೇಳಿದೆ. ಐಐಟಿಗಳು ಆನ್‌ಲೈನಿನಲ್ಲಿ ಪಾಠ ಮಾಡುವ ಎನ್‌ಪಿಟೆಲ್‌ನ ಜನವರಿ ಬ್ಯಾಚಿಗೆ ಈಗ ಸೇರಲಿಕ್ಕಾಗುವುದಿಲ್ಲ, ಮುಂದಿನದು ಜುಲೈಗೆ. ಅಮೆರಿಕದ ಯೂನಿವರ್ಸಿಟಿಗಳಲ್ಲಿ ಬೇಸಿಗೆ ಕ್ಲಾಸ್ ಇದೆ, ಆದರೆ ಅಲ್ಲೂ ಹೆಚ್ಚಾಗಿ ಸಿಗುವುದು ಮೊದಲ ವರ್ಷದ ಫಿಸಿಕ್ಸೇ. ಆನ್‌ಲೈನಿನಲ್ಲಿ ಹಾಕಿಟ್ಟ ಪಾಠಗಳು ಮಾತ್ರ ಯಾವಾಗಲೂ ಪುಕ್ಕಟೆ. ಐಐಟಿ ಮದ್ರಾಸಿನ ವಿ. ಬಾಲಕೃಷ್ಣನ್ ಅವರ ಕ್ವಾಂಟಮ್ ಪಾಠ ಯೂಟ್ಯೂಬಿನಲ್ಲಿದೆ, ಅಮೆರಿಕದ ಎಂಐಟಿಯ ಓಪನ್‌ಕೋರ್ಸ್‌ವೇರ್ ವೆಬ್‌ಸೈಟಿನಲ್ಲಿ ಪಾಠದ ಜೊತೆ ಲೆಕ್ಕಗಳೂ ಇವೆ.

"ಅದೆಲ್ಲ ಗೊತ್ತು ಮೇಡಂ. ಆದ್ರೆ ದುಡ್ಡು ಕಟ್ಟಿದ ಕೋರ್ಸ್ ಅಂದ್ರೆ ಮನೇಲಿ ಓದಲಿಕ್ಕೆ ಬಿಡ್ತಾರೆ. ಸುಮ್ನೆ ಓದ್ತೇನೆ ಅಂದ್ರೆ, ರಜೆಯಲ್ಲಿ ಎಂಥ ಓದು ಅಂತ ಹಲಸಿನ ಹಪ್ಪಳ ಒತ್ಲಿಕ್ಕೆ ಕೂರಿಸ್ತಾರೆ."

ಅಣ್ಣನನ್ನೂ ಕೂರಿಸ್ತಾರಾ ಅಂತ ಕೇಳಿದೆ. ನಕ್ಕಳು.

ನಮ್ಮಲ್ಲಿ ಏಪ್ರಿಲ್-ಮೇ ಅಂದರೆ ಮದುವೆ, ಮುಂಜಿ, ಭೂತಕೋಲ, ಹಪ್ಪಳ. ಅದರ ನಡುವೆ ಹುಡುಗಿಯೊಬ್ಬಳಿಗೆ ಬಾಗಿಲು ಹಾಕಿಕೊಂಡು ಲೆಕ್ಕ ಮಾಡಲು ರಸೀದಿ ತೋರಿಸಬೇಕು. ಫೀಸು ಕಟ್ಟಬೇಡ, ಅಮ್ಮನನ್ನು ಕರೆದುಕೊಂಡು ಬಾ ಅಂದೆ.

ಅಮ್ಮ ನೇರವಾಗಿ ಕೇಳಿದರು: "ಸರ್ಟಿಫಿಕೇಟೇ ಇಲ್ಲದಿದ್ರೆ ಏನು ಪ್ರಯೋಜನ?" ಇವಳು ಐಐಟಿಯಲ್ಲಿ ಎಂಎಸ್ಸಿ ಮಾಡಬೇಕಾದರೆ ಜ್ಯಾಮ್ ಪರೀಕ್ಷೆ ಬರೆಯಬೇಕು, ಅಲ್ಲಿ ಕೇಳುವುದು ಲೆಕ್ಕ, ಸರ್ಟಿಫಿಕೇಟ್ ಅಲ್ಲ ಅಂದೆ. ಬೆಳಿಗ್ಗೆ ಆರರಿಂದ ಒಂಬತ್ತು ಇವಳಿಗೆ ಬಿಡಿ, ಆಮೇಲೆ ಹಪ್ಪಳಕ್ಕೂ ಬರುತ್ತಾಳೆ, ಮದುವೆಗೂ ಬರುತ್ತಾಳೆ. ಸ್ವಲ್ಪ ಯೋಚಿಸಿ, ಒಪ್ಪಿದರು.

ಕಲಿಯುವ ಹುಡುಗಿಗೆ ಅಡ್ಡಗಾಲು ಹಾಕಿದಿರಿ ಅಂತ ಪರಿಚಯದವರೊಬ್ಬರು ಬೈದರು. ನನಗೆ ಹಾಗನ್ನಿಸುವುದಿಲ್ಲ. ಆ ಫೀಸಿನಿಂದ ಅವಳು ಕೊಳ್ಳಲು ಹೊರಟಿದ್ದು ಮನೆಯವರ ಅನುಮತಿಯನ್ನು. ಮುಂದಿನ ವರ್ಷ ಅದನ್ನೇ ಮತ್ತೆ ಕೊಳ್ಳಬೇಕಿತ್ತು, ಅಲ್ವಾ?

ಕ್ವಾಂಟಮ್‌ಗೆ ಮೊದಲು ಅದಕ್ಕೆ ಬೇಕಾದ ಗಣಿತ, ಅಂದರೆ ಲೀನಿಯರ್ ಆಲ್ಜೀಬ್ರಾ, ಗಟ್ಟಿ ಮಾಡು, ವಾರಕ್ಕೊಮ್ಮೆ ಮಾಡಿದ ಲೆಕ್ಕಗಳನ್ನು ನಿನ್ನ ಲೆಕ್ಚರರ್‌ಗೆ ತೋರಿಸು ಎಂದಿದ್ದೇನೆ. ಮುಂದಿನ ಬೇಸಿಗೆಗೆ ವಿಜ್ಞಾನ ಅಕಾಡೆಮಿಗಳ ಸಮ್ಮರ್ ಫೆಲೋಶಿಪ್ ಇದೆ. ಅದು ಕೋರ್ಸ್ ಅಲ್ಲ, ಎರಡು ತಿಂಗಳು ವಿಜ್ಞಾನಿಯೊಬ್ಬರ ಜೊತೆ ಕೆಲಸ. ಅರ್ಜಿ ಸಾಮಾನ್ಯವಾಗಿ ನವೆಂಬರ್‌ನಲ್ಲೇ ಹಾಕಬೇಕು, ಏಪ್ರಿಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ.