ಗಣಿತ, ಇಂಗ್ಲಿಷ್ ಜೊತೆ ಫ್ರೆಂಚೂ ಹೇಳಿಕೊಡಲಾ?

ಪ್ರಶ್ನೆ: ಮೇಡಂ, ಕುಂಬಳೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಮನೆಯಲ್ಲೇ ಗಣಿತ, ಇಂಗ್ಲಿಷ್ ಟ್ಯೂಷನ್ ಕೊಡುತ್ತೇನೆ. ಸಿಬಿಎಸ್‌ಇ ಹುಡುಗಿಯೊಬ್ಬಳಿಗೆ ಫ್ರೆಂಚೂ ಬೇಕಂತೆ. ನಾನು ಕಾಲೇಜಿನಲ್ಲಿ ಕಲಿತದ್ದಷ್ಟೇ. ಒಪ್ಪಲಾ?

ಉತ್ತರ: ಒಪ್ಪಿಕೊಳ್ಳಿ. ಮೊದಲು ಅವಳ ಪಠ್ಯಪುಸ್ತಕ ತರಿಸಿ ನೋಡಿ. ಫ್ರೆಂಚಿನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಯಾಕೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಸುಮ್ನೆ ‘ಲಾ ತಾಬ್ಲ್’ (ಮೇಜು), ‘ಲ ಲೀವ್ರ್’ (ಪುಸ್ತಕ) ಅಂತ ಲಿಂಗ ತೋರಿಸುವ ‘ಲಾ’, ‘ಲ’ ಜೊತೆಗೇ ಬಾಯಿಪಾಠ ಮಾಡಿಸಿ.

ಗಣಿತದಲ್ಲಿ ನಮ್ಮ ಬದಿಯಡ್ಕದ ಮಕ್ಕಳೂ ‘ಎ ಪ್ಲಸ್ ಬಿ’ಯ ವರ್ಗ ಅಂದರೆ ಎ ವರ್ಗ ಪ್ಲಸ್ ಬಿ ವರ್ಗ ಎಂದು ಬರೆದುಬಿಡುತ್ತಾರೆ. ಸೂತ್ರ ಹೇಳಬೇಡಿ, 2 ಮತ್ತು 3 ಹಾಕಿಸಿ. ಒಂದು ಕಡೆ 25, ಇನ್ನೊಂದು ಕಡೆ 13! ಆಗ ಅವರ ಮುಖ ನೋಡಬೇಕು. ಇಂಗ್ಲಿಷಿಗೆ ದಿನಾ ನಾಲ್ಕು ಸಾಲು ಬರೆಸಿ, ಸಾಕು.

ಫ್ರೆಂಚಿಗೆ ಫೀಸು ಬೇರೆಯೇ ಹೇಳಿ, ಸಂಕೋಚ ಬೇಡ. ತಯಾರಿ ಜಾಸ್ತಿ ಬೇಕಲ್ವಾ?