ಡಿ ಅಂಡ್ ಡಿ ಕ್ಯಾಂಪೇನ್‌ಗೆ ಪೂರಕ ನಿಯಮ, ರೇಸ್ ಆರಿಸುವುದು ಹೇಗೆ?

ನೀವು ಕೊಟ್ಟ ವಿವರ ಇಷ್ಟು: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಎಂಬ, ಪಾತ್ರ ವಹಿಸಿ ಆಡುವ ಮೇಜಿನಾಟದ 5ನೇ ಆವೃತ್ತಿ, 2014ರ ನಿಯಮ. ಮೊದಲ ಸಲ ಡಿಎಂ (ಕಥೆ ನಡೆಸುವ ಡಂಜನ್ ಮಾಸ್ಟರ್) ಆಗುತ್ತಿದ್ದೀರಿ. ಐವರು ಆಟಗಾರರು, ಲೆವೆಲ್ 1ರಿಂದ ಶುರು. ಕ್ಯಾಂಪೇನ್, ಅಂದರೆ ಕಂತುಕಂತಾಗಿ ಆಡುವ ಕಥೆ, ದಟ್ಟ ಕಾಡು ದಾಟಿ ಹಾಳುಬಿದ್ದ ಗಣಿ ಸೇರುವುದು, ಹಸಿವು ಮತ್ತು ಕತ್ತಲೆಯೇ ಅದರಲ್ಲಿ ಮುಖ್ಯ ಶತ್ರು. ರೇಸ್ (ಪಾತ್ರದ ಜನಾಂಗ) ಆಯ್ಕೆಯಲ್ಲಿ ಒಬ್ಬರಿಗೆ ಹಾರುವ ಹಕ್ಕಿಮಾನವ ಆರಕೋಕ್ರಾ ಬೇಕು, ಒಬ್ಬರಿಗೆ ಯಂತ್ರಮಾನವ ವಾರ್‌ಫೋರ್ಜ್ಡ್, ಇನ್ನೊಬ್ಬರಿಗೆ ಹಾವುಮಾನವ ಯುವಾನ್-ಟಿ. ಫ್ಲ್ಯಾಂಕಿಂಗ್, ಗ್ರಿಟ್ಟಿ ರಿಯಲಿಸಂ ಎಂಬ ಐಚ್ಛಿಕ ನಿಯಮಗಳನ್ನು ಸೇರಿಸಿಕೊಳ್ಳಲೇ ಎಂದೂ ಕೇಳಿದ್ದೀರಿ.

ಯಾವ ಪುಸ್ತಕ ಒಳ್ಳೆಯದು ಅಂತ ಹುಡುಕುತ್ತಾ ಹೋದರೆ ಅದಕ್ಕೆ ಕೊನೆಯಿಲ್ಲ. ನಿಮ್ಮ ಕಥೆಯಲ್ಲಿ ಯಾವುದು ಕೊನೆತನಕ ಕಷ್ಟವಾಗಿಯೇ ಉಳಿಯಬೇಕು ಅನ್ನುವುದನ್ನು ಮೊದಲು ಬರೆದುಕೊಳ್ಳಿ. ನಿಮ್ಮ ಮಟ್ಟಿಗೆ ಅವು ಊಟ-ನೀರು, ಬೆಳಕು, ದಾರಿ. ಯಾವುದೇ ರೇಸ್ ಅಥವಾ ನಿಯಮ ಇವುಗಳಲ್ಲಿ ಒಂದನ್ನು ಲೆವೆಲ್ 1ರಲ್ಲೇ ಅಳಿಸಿಹಾಕುತ್ತದೆಯೇ ಎಂದು ನೋಡಿ. ಅಳಿಸದಿದ್ದರೆ ಧಾರಾಳವಾಗಿ ಒಳಗೆ ಬಿಡಿ.

ಹಾಗೆ ನೋಡಿದರೆ ವಾರ್‌ಫೋರ್ಜ್ಡ್ ಇಲ್ಲಿಗೆ ಸರಿಹೋಗುವುದಿಲ್ಲ. ಎಸಿಗೆ (ಪೆಟ್ಟು ತಗಲದಂತೆ ಕಾಯುವ ಅಂಕ) ಸಿಗುವ +1 ದೊಡ್ಡ ವಿಷಯವೇ ಅಲ್ಲ. ಅದಕ್ಕೆ ಊಟ, ನೀರು, ಉಸಿರು, ನಿದ್ದೆ ಯಾವುದೂ ಬೇಡ. ನಾಲ್ವರು ಹಸಿವಿನಿಂದ ಒದ್ದಾಡುವಾಗ ಐದನೆಯವರಿಗೆ ಆ ಕಥೆಯಲ್ಲಿ ಪಾಲೇ ಇರುವುದಿಲ್ಲ. ಊರೊಳಗಿನ ಪಿತೂರಿಯ ಕ್ಯಾಂಪೇನ್ ಆಗಿದ್ದರೆ ಕಣ್ಣುಮುಚ್ಚಿ ಒಪ್ಪಬಹುದಿತ್ತು.

ಆರಕೋಕ್ರಾ ವಿಷಯದಲ್ಲಿ ಯಾವ ವರ್ಷದ ರೂಪ ಎಂದು ಕೇಳಿ. 2015ರದ್ದರಲ್ಲಿ ಹಾರುವ ವೇಗ 50 ಅಡಿ, 2022ರದ್ದರಲ್ಲಿ ನಡಿಗೆಯಷ್ಟೇ, ಅಂದರೆ 30 ಅಡಿ. ಎರಡರಲ್ಲೂ ಮೀಡಿಯಂ ಅಥವಾ ಹೆವಿ ಆರ್ಮರ್ (ಕವಚ) ತೊಟ್ಟರೆ ಹಾರಲಾಗದು. ವಿಝರ್ಡ್‌ಗೆ (ಮಾಂತ್ರಿಕ ಪಾತ್ರ) ಹಾರಲು ಬಿಡುವ ಫ್ಲೈ ಮಂತ್ರ ಸಿಗುವುದು ಲೆವೆಲ್ 5ರಲ್ಲಿ, ಅದೂ ಕಾನ್ಸಂಟ್ರೇಷನ್ (ಮಂತ್ರದ ಮೇಲಿನ ಏಕಾಗ್ರತೆ) ಹಿಡಿದು 10 ನಿಮಿಷ. ಆರಕೋಕ್ರಾಗೆ ಹಾರಾಟ ಮೊದಲ ದಿನದಿಂದಲೇ, ಲೆಕ್ಕವಿಲ್ಲದಷ್ಟು. ಲಾಂಗ್‌ಬೋ (ಉದ್ದನೆಯ ಬಿಲ್ಲು) ಹಿಡಿದು 100 ಅಡಿ ಎತ್ತರದಲ್ಲಿ ನಿಂತರೆ ತೋಳ, ಕರಡಿಗಳು ಏನೂ ಮಾಡಲಾರವು. ಮೇಲಿಂದ ಒಮ್ಮೆ ಕಣ್ಣಾಡಿಸಿದರೆ ದಾರಿಯೂ ಸಿಕ್ಕಿಬಿಡುತ್ತದೆ. ಗಣಿಯೊಳಗೆ ಇದೇ ರೆಕ್ಕೆ ನಿರುಪಯೋಗಿ. ಹಾಗಾಗಿ ಸಾರಾಸಗಟಾಗಿ ಬೇಡ ಎನ್ನಬೇಡಿ. ಲೆವೆಲ್ 5ರವರೆಗೆ ಹಾರಿದವರು ತಮ್ಮ ಸರದಿಯ ಕೊನೆಗೆ ನೆಲ ಮುಟ್ಟಲೇಬೇಕು, ಇಲ್ಲದಿದ್ದರೆ ಬೀಳುತ್ತಾರೆ ಎಂಬ ಷರತ್ತು ಹಾಕಿ. ಬಿದ್ದರೆ 10 ಅಡಿಗೆ 1ಡಿ6 (ಆರು ಮುಖದ ಒಂದು ದಾಳ) ಪೆಟ್ಟು, ಅದು ಮೂಲ ನಿಯಮದಲ್ಲೇ ಇದೆ.

ಯುವಾನ್-ಟಿಗೆ 2016ರ ರೂಪದಲ್ಲಿ ವಿಷದಿಂದ ಪೂರ್ತಿ ರಕ್ಷಣೆ, ಜೊತೆಗೆ ಮಂತ್ರ ಮತ್ತು ಇತರ ಮಾಂತ್ರಿಕ ಪರಿಣಾಮಗಳ ವಿರುದ್ಧ ಸೇವಿಂಗ್ ಥ್ರೋಗಳಲ್ಲಿ (ಪರಿಣಾಮದಿಂದ ಪಾರಾಗಲು ಹಾಕುವ ದಾಳ) ಅಡ್ವಾಂಟೇಜ್, ಅಂದರೆ ದಾಳ ಎರಡು ಸಲ ಉರುಳಿಸಿ ಹೆಚ್ಚಿನದನ್ನು ಹಿಡಿಯುವ ಅವಕಾಶ. 2022ರಲ್ಲಿ ವಿಷದ ಪೆಟ್ಟಿಗೆ ರೆಸಿಸ್ಟೆನ್ಸ್ (ಅರ್ಧ ಪೆಟ್ಟು), ವಿಷವೇರದಂತೆ ಹಾಕುವ ಸೇವಿಂಗ್ ಥ್ರೋಗೆ ಅಡ್ವಾಂಟೇಜ್ ಮಾತ್ರ ಉಳಿದವು, ಮಾಂತ್ರಿಕ ರಕ್ಷಣೆ ಮಂತ್ರಗಳಿಗೆ ಸೀಮಿತವಾಯಿತು. 2022ರದ್ದನ್ನು ಕೊಡಿ, ನಿಮ್ಮ ಕಥೆಗೆ ಅದರಿಂದ ತೊಂದರೆಯಿಲ್ಲ.

ಹೊಸಬರು ಪೂರಕ ಪುಸ್ತಕಗಳನ್ನೇ ಅನುಮಾನದಿಂದ ನೋಡುತ್ತಾರೆ. ನಿಮ್ಮ ಕ್ಯಾಂಪೇನ್‌ಗೆ ನಿಜವಾದ ಪೆಟ್ಟು ಬೀಳುವುದು ಆಟದ ಮೂಲ ಪುಸ್ತಕವಾದ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಿಂದಲೇ. ಗುಡ್‌ಬೆರಿ ಮೊದಲ ಲೆವೆಲ್‌ನ ಮಂತ್ರ. ಒಮ್ಮೆ ಹಾಕಿದರೆ 10 ಹಣ್ಣು, ಒಂದು ಹಣ್ಣು ಒಬ್ಬರ ಒಂದು ದಿನದ ಆಹಾರ. ಐವರ ತಂಡಕ್ಕೆ ಒಂದೇ ಸ್ಲಾಟ್‌ನಲ್ಲಿ (ಒಂದು ಸಲ ಮಂತ್ರ ಹಾಕುವ ಅವಕಾಶ) ಊಟದ ಚಿಂತೆ ಮುಗಿಯಿತು. ಔಟ್‌ಲ್ಯಾಂಡರ್ (ಕಾಡುಮೇಡಿನಲ್ಲಿ ಬೆಳೆದವರು) ಹಿನ್ನೆಲೆಯವರು ಹಣ್ಣು-ನೀರು ಸಿಗುವ ನೆಲದಲ್ಲಿ ತಮಗೂ ಇನ್ನೈವರಿಗೂ ದಿನಾ ಆಹಾರ ಹುಡುಕಬಲ್ಲರು. ಗುಡ್‌ಬೆರಿಗೆ ಬೇಕಾದ ಮಿಸಲ್‌ಟೋ ಎಂಬ ಗಿಡದ ಚಿಗುರು ಪ್ರತಿ ಸಲ ಖರ್ಚಾಗುತ್ತದೆ, ಬದಲಿಗೆ ಫೋಕಸ್ (ಸಾಮಗ್ರಿಯ ಜಾಗದಲ್ಲಿ ಹಿಡಿಯುವ ಮಾಂತ್ರಿಕ ವಸ್ತು) ನಡೆಯದು ಎಂದು ಬದಲಿಸಿ. ಕಾಡನ್ನೇ ತನ್ನ ನೆಲವಾಗಿ ಆರಿಸಿಕೊಂಡ ರೇಂಜರ್ (ಕಾಡು ಬಲ್ಲ ಬೇಟೆಗಾರ) ದಾರಿ ತಪ್ಪುವುದಿಲ್ಲವಲ್ಲ, ಅದನ್ನು ಮಾತ್ರ ಮುಟ್ಟಬೇಡಿ. ಅವರು ಆ ಕ್ಲಾಸ್ (ಪಾತ್ರದ ವೃತ್ತಿ) ತೆಗೆದುಕೊಂಡದ್ದೇ ಅದಕ್ಕೆ.

ಬೆಳಕಿನ ಕಥೆಯೂ ಹೀಗೇ. ಆ ಪುಸ್ತಕದ ಒಂಬತ್ತು ರೇಸ್‌ಗಳಲ್ಲಿ ಡಾರ್ಕ್‌ವಿಷನ್ (ಕತ್ತಲಲ್ಲಿ ಕಾಣುವ ಶಕ್ತಿ) ಇಲ್ಲದವು ಮನುಷ್ಯ, ಹಾಫ್ಲಿಂಗ್, ಡ್ರ್ಯಾಗನ್‌ಬಾರ್ನ್ ಮೂರೇ. ಉಳಿದ ಆರನ್ನೂ ನಿಷೇಧಿಸಲು ಹೊರಡಬೇಡಿ, ಇರುವ ನಿಯಮವನ್ನು ಸರಿಯಾಗಿ ಆಡಿಸಿದರೆ ಸಾಕು. ಡಾರ್ಕ್‌ವಿಷನ್ ಇದ್ದವರಿಗೂ ಕಗ್ಗತ್ತಲು ಮಬ್ಬು ಬೆಳಕಿನಂತೆ ಕಾಣುತ್ತದೆಯೇ ಹೊರತು ಹಗಲಾಗುವುದಿಲ್ಲ. ಕಣ್ಣಿಗೆ ಸಂಬಂಧಿಸಿದ ಪರ್ಸೆಪ್ಷನ್‌ಗೆ (ಗಮನಿಸುವ ಸಾಮರ್ಥ್ಯ) ಡಿಸ್‌ಅಡ್ವಾಂಟೇಜ್ (ಎರಡು ದಾಳದಲ್ಲಿ ಕಡಿಮೆಯದು), ಪ್ಯಾಸಿವ್ ಲೆಕ್ಕದಲ್ಲಿ (ದಾಳ ಹಾಕದೆ ಗಮನಿಸುವ ಅಂಕ) 5 ಕಡಿತ. ಪ್ಯಾಸಿವ್ 13 ಇದ್ದವರು ಪಂಜು ಹಚ್ಚದೆ ನಡೆದರೆ 8ಕ್ಕೆ ಇಳಿಯುತ್ತಾರೆ, ಕಾಣಲು 10 ಸಾಕಾಗುವ ಬಲೆಯೂ ಕಣ್ಣಿಗೆ ಬೀಳುವುದಿಲ್ಲ. ಪಂಜು ಹಚ್ಚಿದರೆ ಒಂದು ಗಂಟೆ ಉರಿಯುತ್ತದೆ, 20 ಅಡಿ ಬೆಳಕು, ಆಚೆಗೆ 20 ಅಡಿ ಮಬ್ಬು. ಕತ್ತಲಲ್ಲಿ ಕೂತವರಿಗೆ ನೀವು ಬರುವುದೂ ತಿಳಿಯುತ್ತದೆ.

ಐಚ್ಛಿಕ ನಿಯಮಗಳಲ್ಲಿ ನಿಮಗೆ ಎಲ್ಲಕ್ಕಿಂತ ಹೆಚ್ಚು ಪ್ರಯೋಜನವಾಗುವುದು ಯಾರೂ ಕೇಳದ ಭಾರದ ನಿಯಮ. ಸ್ಟ್ರೆಂತ್‌ನ (ದೇಹಬಲದ ಅಂಕ) 5 ಪಟ್ಟು ಪೌಂಡ್ ದಾಟಿದರೆ ವೇಗ 10 ಅಡಿ ಕಡಿಮೆ. ಎಕ್ಸ್‌ಪ್ಲೋರರ್ಸ್ ಪ್ಯಾಕ್ (ಪ್ರಯಾಣದ ಸಾಮಾನಿನ ಗಂಟು) ಒಂದೇ 59 ಪೌಂಡ್ ತೂಗುತ್ತದೆ, ಅದರಲ್ಲಿ 10 ದಿನದ ಆಹಾರವೇ 20. ಸ್ಟ್ರೆಂತ್ 8 ಇರುವವರ ಮಿತಿ 40. ಏನು ಹೊರಬೇಕು, ಏನು ಬಿಡಬೇಕು ಎಂಬ ಚರ್ಚೆ ಅಲ್ಲಿಂದಲೇ ಶುರುವಾಗುತ್ತದೆ.

ಗ್ರಿಟ್ಟಿ ರಿಯಲಿಸಂನಲ್ಲಿ ಶಾರ್ಟ್ ರೆಸ್ಟ್ (ಚಿಕ್ಕ ವಿಶ್ರಾಂತಿ) 8 ಗಂಟೆ, ಖರ್ಚಾದ ಮಂತ್ರಗಳು ವಾಪಸ್ ಬರುವ ಲಾಂಗ್ ರೆಸ್ಟ್ (ದೀರ್ಘ ವಿಶ್ರಾಂತಿ) 7 ದಿನ. ದಿನಕ್ಕೊಂದು ಕಾಳಗ ನಡೆಯುವ ಕಾಡಿನ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು, ಒಂದೇ ದಿನದಲ್ಲಿ ಐದಾರು ಕಾಳಗ ಬರುವ ಗಣಿಗೆ ಅಲ್ಲ. ಗಣಿ ಹೊಕ್ಕ ಮೇಲೆ ಸಾಮಾನ್ಯ ವಿಶ್ರಾಂತಿ ಎಂದು ಮೊದಲೇ ಹೇಳಿಬಿಡಿ. ಇನ್ನು ಎರಡು ತೂತು ಮುಚ್ಚಬೇಕು. ವಿಝರ್ಡ್‌ನ ಆರ್ಕೇನ್ ರಿಕವರಿ (ಖರ್ಚಾದ ಸ್ಲಾಟ್ ಮರಳಿ ಪಡೆಯುವ ಶಕ್ತಿ) 'ದಿನಕ್ಕೊಮ್ಮೆ, ಶಾರ್ಟ್ ರೆಸ್ಟ್ ಮುಗಿದಾಗ' ಎಂದಿದೆ. ಹಾಗೇ ಬಿಟ್ಟರೆ ಪ್ರತಿ ರಾತ್ರಿ ಸ್ಲಾಟ್ ವಾಪಸ್ ಬರುತ್ತದೆ, ಕ್ಲೆರಿಕ್ (ದೇವರ ಬಲದಿಂದ ಮಂತ್ರ ಹಾಕುವ ಪುರೋಹಿತ) ಮಾತ್ರ ವಾರಗಟ್ಟಲೆ ಕಾಯಬೇಕು. ಅದನ್ನು ಲಾಂಗ್ ರೆಸ್ಟ್‌ಗೊಮ್ಮೆ ಎಂದು ತಿದ್ದಿ. ಮೇಜ್ ಆರ್ಮರ್ ಎಂಬ ಮಾಯಾ ಕವಚದಂಥ 8 ಗಂಟೆಯ ಮಂತ್ರಗಳು ಈ ನಿಯಮದಲ್ಲಿ ದಂಡವಾಗುತ್ತವೆ, ಅವುಗಳ ಅವಧಿಯನ್ನು ಮುಂದಿನ ಲಾಂಗ್ ರೆಸ್ಟ್‌ವರೆಗೆ ಎಳೆಯಿರಿ.

ಫ್ಲ್ಯಾಂಕಿಂಗ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಶತ್ರುವಿನ ಎರಡೂ ಬದಿ ನಿಂತ ಮಾತ್ರಕ್ಕೆ ಅಡ್ವಾಂಟೇಜ್ ಸಿಕ್ಕರೆ, 20 ಮುಖದ ದಾಳದಲ್ಲಿ 11 ಬೇಕಿದ್ದ ಕಡೆ 50% ಸಾಧ್ಯತೆ 75%ಗೆ ಏರುತ್ತದೆ. ಅಡ್ವಾಂಟೇಜ್ ಒಂದರ ಮೇಲೊಂದು ಸೇರುವುದಿಲ್ಲವಾದ್ದರಿಂದ ಅದನ್ನೇ ಕೊಡುವ, ಬಾರ್ಬೇರಿಯನ್ ಯೋಧನ ರೆಕ್‌ಲೆಸ್ ಅಟ್ಯಾಕ್, ಫೇರಿ ಫೈರ್ ಮಂತ್ರ ಎರಡಕ್ಕೂ ಬೆಲೆ ಇಳಿಯುತ್ತದೆ. ಎಂಟು ಗಾಬ್ಲಿನ್‌ಗಳು ಸುತ್ತುವರಿದಾಗ ಇದೇ ನಿಯಮ ಲೆವೆಲ್ 1ರ ತಂಡವನ್ನು ಮುಗಿಸಿಯೂ ಬಿಡಬಹುದು. ಆಟಗಾರರು ಹಟ ಹಿಡಿದರೆ ಅಡ್ವಾಂಟೇಜ್ ಬದಲು +2 ಕೊಡಿ.

ಪುಸ್ತಕಗಳ ಮಿತಿಗೆ ಹಳೆಯ ಸರಳ ಸೂತ್ರ ಸಾಕು: ಪ್ಲೇಯರ್ಸ್ ಹ್ಯಾಂಡ್‌ಬುಕ್, ಅದರ ಮೇಲೆ ಪ್ರತಿ ಪಾತ್ರಕ್ಕೆ ಇನ್ನೊಂದೇ ಪುಸ್ತಕ. 2020ರ ಟಾಶಾ ಎಂಬ ಪೂರಕ ಪುಸ್ತಕ ಕೇಳಿದರೆ ಅದರಲ್ಲಿರುವ ಟ್ವೈಲೈಟ್ ಬಗೆಯ ಕ್ಲೆರಿಕ್ ಒಂದನ್ನು ಹೊರಗಿಡಿ. ಲೆವೆಲ್ 2ರಲ್ಲೇ 30 ಅಡಿಯೊಳಗಿನ ಇಡೀ ತಂಡಕ್ಕೆ ಸುತ್ತು ಸುತ್ತಿಗೂ 1ಡಿ6 ಮತ್ತು ಕ್ಲೆರಿಕ್ ಲೆವೆಲ್‌ನಷ್ಟು ತಾತ್ಕಾಲಿಕ ಹಿಟ್ ಪಾಯಿಂಟ್ (ಜೀವದ ಅಂಕ), ಮೇಲೆ 300 ಅಡಿ ಡಾರ್ಕ್‌ವಿಷನ್. ಯಾರಾದರೂ 2024ರ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನ ಹಿನ್ನೆಲೆ ತಂದರೆ ಅಬಿಲಿಟಿ (ಸ್ಟ್ರೆಂತ್‌ನಂಥ ಅಂಕಗಳ) ಹೆಚ್ಚಳ ಅಲ್ಲಿಂದಲೇ ಬರುತ್ತದೆ, ಹಳೆಯ ರೇಸ್‌ನ ಹೆಚ್ಚಳವನ್ನು ಹೊಡೆದುಹಾಕಿ. ಇಲ್ಲದಿದ್ದರೆ ಎರಡೂ ಸೇರಿಕೊಳ್ಳುತ್ತವೆ.

ಇದೆಲ್ಲ ಒಂದೇ ಹಾಳೆಯಲ್ಲಿರಲಿ, ಪಾತ್ರ ಬರೆಯುವ ಮೊದಲೇ ಐವರ ಕೈಗೂ ಸಿಗಲಿ. ಲೆವೆಲ್ 3 ತಲುಪುವವರೆಗೆ ಯಾವ ನಿಯಮವನ್ನಾದರೂ ಬದಲಿಸಬಹುದು, ಅದರಿಂದ ನಷ್ಟವಾದವರು ಪಾತ್ರವನ್ನು ತಿರುಗಿ ಕಟ್ಟಿಕೊಳ್ಳಬಹುದು ಎಂಬ ಸಾಲನ್ನೂ ಅದರಲ್ಲಿ ಸೇರಿಸಿ.