ಆರ್‌ವಿ ಚಾವಣಿಯ ಸೋಲಾರ್: ವ್ಯಾಟ್‌ಗಿಂತ ಮೊದಲು ವೋಲ್ಟ್ ನೋಡಿ

ಪ್ರಶ್ನೆ: ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿದ್ದೇವೆ. ಮಲಗುವ, ಅಡುಗೆ ಮಾಡುವ ವ್ಯವಸ್ಥೆಯಿರುವ ಹಳೆಯ ಆರ್‌ವಿ ವಾಹನವೊಂದನ್ನು ಕೊಂಡಿದ್ದೇವೆ. ಅದರ ಚಾವಣಿಗೆ 100 ವ್ಯಾಟ್‌ನ ನಾಲ್ಕು ಸೋಲಾರ್ ಪ್ಯಾನೆಲ್ ಹಾಕಿಸಬೇಕು. ಪ್ರತಿ ಪ್ಯಾನೆಲ್‌ನ ಬೆನ್ನಿಗೆ ಅಂಟಿಸಿರುವ ಚೀಟಿಯಲ್ಲಿ ವಿಒಸಿ (ಏನನ್ನೂ ಜೋಡಿಸದಿದ್ದಾಗಿನ ವೋಲ್ಟೇಜ್) 22.5 ವೋಲ್ಟ್, ಐಎಸ್‌ಸಿ (ಶಾರ್ಟ್ ಮಾಡಿದಾಗಿನ ಕರೆಂಟ್) 5.8 ಆಂಪಿಯರ್ ಎಂದಿದೆ. ಪ್ಯಾನೆಲ್‌ನ ವೋಲ್ಟೇಜನ್ನು ಬ್ಯಾಟರಿಗೆ ತಕ್ಕಂತೆ ಬದಲಿಸಿ ಕೊಡುವ ಎಂಪಿಪಿಟಿ ಚಾರ್ಜ್ ಕಂಟ್ರೋಲರ್ 100 ವೋಲ್ಟ್, 30 ಆಂಪಿಯರ್‌ನದು. ಬ್ಯಾಟರಿ 12 ವೋಲ್ಟ್‌ನ ಲಿಥಿಯಂ. ನಾಲ್ಕನ್ನೂ ಸರಣಿಯಲ್ಲಿ, ಅಂದರೆ ವೋಲ್ಟೇಜ್ ಕೂಡುವಂತೆ ಒಂದರ ಹಿಂದೊಂದು ಜೋಡಿಸಿದರೆ 90 ವೋಲ್ಟ್ ಆಗುತ್ತದೆ, ಮಿತಿಯೊಳಗೇ ಇದೆ ಎನ್ನುತ್ತಾರೆ ಅಂಗಡಿಯವರು. ಒಪ್ಪಬಹುದೇ?

ಉತ್ತರ: ದಯವಿಟ್ಟು ಒಪ್ಪಬೇಡಿ. ನಿಮ್ಮ ಊರಿನ ಚಳಿಗೆ ಈ ಲೆಕ್ಕ ನಿಲ್ಲುವುದಿಲ್ಲ.

ಚೀಟಿಯಲ್ಲಿರುವ 22.5 ವೋಲ್ಟ್, ಪ್ಯಾನೆಲ್‌ನ ಕೋಶಗಳು 25 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದಾಗಿನ ಅಳತೆ. ಸಿಲಿಕಾನ್ ಕೋಶ ತಣ್ಣಗಾದಷ್ಟೂ ವೋಲ್ಟೇಜ್ ಏರುತ್ತದೆ, ಡಿಗ್ರಿಗೆ ಸುಮಾರು ಶೇ 0.3ರಂತೆ. 2019ರ ಜನವರಿ ಕೊನೆಯಲ್ಲಿ ಮಿನ್ನಿಯಾಪೊಲಿಸ್‌ನಲ್ಲಿ ಉಷ್ಣಾಂಶ ಮೈನಸ್ 33 ಡಿಗ್ರಿಗೆ ಇಳಿದಿತ್ತು. ಅಂದರೆ 25ರಿಂದ 58 ಡಿಗ್ರಿ ಕೆಳಗೆ. ವೋಲ್ಟೇಜ್ ಶೇ 17ಕ್ಕೂ ಹೆಚ್ಚು ಏರಿ, ನಿಮ್ಮ 90 ವೋಲ್ಟ್ 105ನ್ನು ದಾಟುತ್ತದೆ.

ಬೆಳಗಿನ ಜಾವದಲ್ಲಿ ಅಪಾಯ ಹೆಚ್ಚು. ರಾತ್ರಿಯಿಡೀ ಕೊರೆದ ಚಳಿಯಲ್ಲಿದ್ದ ಪ್ಯಾನೆಲ್ ಮೇಲೆ ಎಳೆಬಿಸಿಲು ಬಿದ್ದ ಕೂಡಲೇ, ಕರೆಂಟ್ ಇನ್ನೂ ಅಲ್ಪವಾಗಿದ್ದರೂ ವೋಲ್ಟೇಜ್ ಬಹುಮಟ್ಟಿಗೆ ಪೂರ್ತಿ ಬಂದಿರುತ್ತದೆ. ಬ್ಯಾಟರಿ ತುಂಬಿದ್ದರೆ ಕಂಟ್ರೋಲರ್ ಏನನ್ನೂ ಎಳೆದುಕೊಳ್ಳುವುದಿಲ್ಲ, ಆ ವೋಲ್ಟೇಜ್ ಅಷ್ಟೂ ಅದರ ಟರ್ಮಿನಲ್ ಮೇಲೆಯೇ ನಿಲ್ಲುತ್ತದೆ. ಒಳಗಿನ ಟ್ರಾನ್ಸಿಸ್ಟರ್ ಸುಡಲು ಒಂದು ಕ್ಷಣ ಸಾಕು. ನೀವು ಪ್ರವಾಸದಲ್ಲಿಲ್ಲ, ಗಾಡಿ ಮನೆ ಮುಂದೆ ನಿಂತಿದೆ ಎಂದರೂ ಇದು ತಪ್ಪುವುದಿಲ್ಲ. ಇಂಥ ಹಾನಿಗೆ ಸಾಮಾನ್ಯವಾಗಿ ವಾರಂಟಿಯೂ ಸಿಗದು.

30 ಆಂಪಿಯರ್‌ನ ಮಿತಿ ಬೇರೆ ಜಾತಿಯದು. ಅದು ಬ್ಯಾಟರಿಯ ಕಡೆಗೆ ಹೋಗುವ ಕರೆಂಟಿನ ಮಿತಿ. ಪ್ಯಾನೆಲ್‌ಗಳ ಸಾಮರ್ಥ್ಯ ಸ್ವಲ್ಪ ಹೆಚ್ಚಾಗಿದ್ದರೆ ಎಂಪಿಪಿಟಿ ತನಗೆ ಬೇಕಾದಷ್ಟನ್ನೇ ತೆಗೆದುಕೊಂಡು ಉಳಿದದ್ದನ್ನು ಬಿಡುತ್ತದೆ. ನಿಮ್ಮ 400 ವ್ಯಾಟ್‌ಗೆ 30 ಆಂಪಿಯರ್ ಹೊಂದುತ್ತದೆ. ಚಾವಣಿಗೆ ಮಟ್ಟಸವಾಗಿ ಕೂರಿಸಿದ, ಬಿಸಿಲಿಗೆ ಕಾದ ಪ್ಯಾನೆಲ್‌ಗಳಿಂದ ಪೂರ್ತಿ 400 ವ್ಯಾಟ್ ಬರುವುದೇ ಅಪರೂಪ.

ಹಾಗಾಗಿ ಎರಡೆರಡು ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿ, ಆ ಎರಡು ಜೋಡಿಗಳನ್ನು ಸಮಾಂತರವಾಗಿ, ಅಂದರೆ ವೋಲ್ಟೇಜ್ ಅಷ್ಟೇ ಇದ್ದು ಕರೆಂಟ್ ಕೂಡುವಂತೆ ಸೇರಿಸಿ. ಆಗ 45 ವೋಲ್ಟ್; ಅದೇ ಮೈನಸ್ 33ರಲ್ಲಿ ಸುಮಾರು 53. ಕರೆಂಟ್ ಹೆಚ್ಚೆಂದರೆ 11.6 ಆಂಪಿಯರ್. ನಾಲ್ಕನ್ನೂ ಸಮಾಂತರದಲ್ಲಿ ಹಾಕಿದರೆ 23 ಆಂಪಿಯರ್ ದಾಟಿ ದಪ್ಪ ತಂತಿ ಬೇಕಾಗುತ್ತದೆ, ಪ್ರತಿ ಪ್ಯಾನೆಲ್‌ಗೂ ಒಂದೊಂದು ಫ್ಯೂಸ್ ಬೇಕಾಗುತ್ತದೆ. ಎರಡೇ ಜೋಡಿಗಳಿದ್ದಾಗ ಆ ಫ್ಯೂಸ್‌ಗಳ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಜೋಡಿ ಮಾಡುವ ಮುನ್ನ ಚಾವಣಿಯ ಮೇಲಿನ ಎಸಿ ಪೆಟ್ಟಿಗೆಯ ನೆರಳು ಎಲ್ಲಿ ಬೀಳುತ್ತದೆ ನೋಡಿ. ಒಟ್ಟಿಗೇ ನೆರಳಿಗೆ ಸಿಗುವ ಎರಡು ಪ್ಯಾನೆಲ್‌ಗಳು ಒಂದೇ ಜೋಡಿಯಲ್ಲಿರಲಿ. ಆಗ ಇನ್ನೊಂದು ಜೋಡಿ ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಕಂಟ್ರೋಲರ್ ಮತ್ತು ಬ್ಯಾಟರಿಯ ನಡುವೆ, ಬ್ಯಾಟರಿಯ ಹತ್ತಿರ, 40 ಆಂಪಿಯರ್‌ನ ಫ್ಯೂಸ್ ಇರಲಿ. ಜೋಡಿಸುವಾಗ ಬ್ಯಾಟರಿ ಮೊದಲು, ಪ್ಯಾನೆಲ್ ಆಮೇಲೆ. ಬಿಚ್ಚುವಾಗ ಪ್ಯಾನೆಲ್ ಮೊದಲು.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಅದು ಶಾಶ್ವತವಾಗಿ ಕೆಡುತ್ತದೆ. ಚಳಿಯಲ್ಲಿ ಚಾರ್ಜಿಂಗನ್ನು ತಾನೇ ನಿಲ್ಲಿಸುವ ವ್ಯವಸ್ಥೆ ನಿಮ್ಮ ಬ್ಯಾಟರಿಯಲ್ಲಿದೆಯೇ ಎಂದು ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ಚಳಿಗಾಲದುದ್ದಕ್ಕೂ ಪ್ಯಾನೆಲ್‌ನ ಸ್ವಿಚ್ ಆಫ್ ಆಗಿರಲಿ.

ಪ್ರಶ್ನೆ: ಮೈಸೂರಿನಲ್ಲಿ ಹಳೆಯ ವ್ಯಾನ್ ಒಂದನ್ನು ಕ್ಯಾಂಪರ್ ಮಾಡುತ್ತಿದ್ದೇನೆ. ಮನೆಯ ಸೋಲಾರ್ ಕೆಲಸದಲ್ಲಿ ಉಳಿದ 540 ವ್ಯಾಟ್‌ನ ಪ್ಯಾನೆಲ್ ಇದೆ, ವಿಒಸಿ 49.5 ವೋಲ್ಟ್. ಪಿಡಬ್ಲ್ಯುಎಂ ಎಂಬ ಸರಳ ಬಗೆಯ, ಅಗ್ಗದ 30 ಆಂಪಿಯರ್ ಚಾರ್ಜ್ ಕಂಟ್ರೋಲರ್‌ಗೆ ಜೋಡಿಸಬಹುದೇ? ಅದರ ಮೇಲೆ ಗರಿಷ್ಠ 50 ವೋಲ್ಟ್ ಎಂದಿದೆ. ಬ್ಯಾಟರಿ 12 ವೋಲ್ಟ್.

ಉತ್ತರ: ಬೇಡ. ಮೈಸೂರಿನ ಡಿಸೆಂಬರ್ ಬೆಳಗಿನ ಚಳಿಗೂ ಅದು 50 ವೋಲ್ಟ್ ದಾಟಬಲ್ಲದು. ದಾಟದಿದ್ದರೂ ನಷ್ಟ ತಪ್ಪದು: ಪಿಡಬ್ಲ್ಯುಎಂ, ಪ್ಯಾನೆಲ್‌ನ ವೋಲ್ಟೇಜನ್ನು ಬ್ಯಾಟರಿಯ ಮಟ್ಟಕ್ಕೆ ಎಳೆದುಬಿಡುತ್ತದೆ. ಅಂಥ ಪ್ಯಾನೆಲ್ ಕೊಡುವ ಸುಮಾರು 13 ಆಂಪಿಯರ್ ಅನ್ನು 13 ವೋಲ್ಟ್‌ನಿಂದ ಗುಣಿಸಿ ನೋಡಿ, 170 ವ್ಯಾಟ್‌ನ ಆಸುಪಾಸು. ಉಳಿದ 370 ನಿಮ್ಮ ಕೈಗೆ ಸಿಗುವುದೇ ಇಲ್ಲ. 100 ವೋಲ್ಟ್, 40 ಆಂಪಿಯರ್‌ನ ಎಂಪಿಪಿಟಿ ಕೊಳ್ಳಿ. ಅದಕ್ಕೂ ಮೊದಲು ಟೇಪ್ ಹಿಡಿದು ವ್ಯಾನಿನ ಚಾವಣಿ ಅಳೆಯಿರಿ: ಈ ಗಾತ್ರದ ಪ್ಯಾನೆಲ್ ಎರಡೂಕಾಲು ಮೀಟರ್ ಉದ್ದ, ಒಂದು ಮೀಟರ್‌ಗಿಂತ ಹೆಚ್ಚು ಅಗಲ ಇರುತ್ತದೆ.